ಕೆಟ್ಟುಹೋದ ಜೀನ್‌ಗಳನ್ನು ಓದುವುದು ಹೇಗೆ?

ರೋಗ ತರುವ ಬ್ಯಾಕ್ಟೀರಿಯಾ ಅಂದ ಕೂಡಲೇ ಎಲ್ಲರೂ ಟಾಕ್ಸಿನ್ (ವಿಷ) ಮಾಡುವ ಜೀನ್ ಹುಡುಕಲು ಹೊರಡುತ್ತಾರೆ. ನನ್ನ ಹತ್ತಿರ ಪ್ರಾಜೆಕ್ಟ್ ಮಾಡಲು ಬರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಬೇರೆ. ಅದು ಏನನ್ನು ಗಳಿಸಿತು ಅಂತ ಆಮೇಲೆ ನೋಡೋಣ, ಏನನ್ನು ಕಳೆದುಕೊಂಡಿತು ಅಂತ ಮೊದಲು ನೋಡಿ. ಚಯಾಪಚಯದ, ಅಂದರೆ ಆಹಾರವನ್ನು ಒಡೆದು ಬಳಸಿಕೊಳ್ಳುವ ಕೆಲಸದ ಕಿಣ್ವಗಳಲ್ಲಿ ಈ ಕಥೆ ತುಂಬಾ ಚೆನ್ನಾಗಿ ಕಾಣುತ್ತದೆ. ಕಂಪ್ಯೂಟರ್, ಇಂಟರ್ನೆಟ್ ಮತ್ತು ತಾಳ್ಮೆ ಇದ್ದರೆ ಬಹುಪಾಲು ಕೆಲಸ ಮನೆಯಲ್ಲೇ ಆಗುತ್ತದೆ.

ಜೀನ್ ಆರಿಸುವಾಗ ಡೇಟಾಬೇಸಿನಿಂದ ಶುರು ಮಾಡಬೇಡಿ, ಲ್ಯಾಬಿನ ಪರೀಕ್ಷಾ ಟ್ಯೂಬಿನಿಂದ ಶುರು ಮಾಡಿ. ಲೈಸಿನ್ ಅನ್ನುವ ಅಮೈನೋ ಆಮ್ಲವನ್ನು ಒಡೆಯುವ ಕಿಣ್ವ ಇದೆಯಾ ಅಂತ ತೋರಿಸುವ ಲೈಸಿನ್ ಡಿಕಾರ್ಬಾಕ್ಸಿಲೇಸ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ನೇರಳೆ ಬಣ್ಣದ ದ್ರವಕ್ಕೆ ಬ್ಯಾಕ್ಟೀರಿಯಾ ಹಾಕಿ, ಮೇಲೆ ಎಣ್ಣೆಯ ಪದರ ಬಿಡುತ್ತೇವೆ. ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸ್ ತಿಂದು ಆಮ್ಲ ಬಿಡುತ್ತದೆ, ದ್ರವ ಹಳದಿಯಾಗುತ್ತದೆ. ಕಿಣ್ವ ಇದ್ದರೆ ಲೈಸಿನ್ ಒಡೆದು ಕ್ಯಾಡಾವರಿನ್ ಆಗುತ್ತದೆ, ಅದು ಕ್ಷಾರ. ಹಾಗಾಗಿ ಹಳದಿ ಮತ್ತೆ ನೇರಳೆಗೆ ತಿರುಗುತ್ತದೆ. ಕರುಳಿನ ಬ್ಯಾಕ್ಟೀರಿಯಾ ಇ. ಕೊಲೈ ತಳಿಗಳಲ್ಲಿ ಹೆಚ್ಚಿನವು ಹೀಗೆ ನೇರಳೆಗೆ ಮರಳುತ್ತವೆ. ರಕ್ತಭೇದಿ ತರುವ ಶಿಗೆಲ್ಲಾ ಮಾತ್ರ ಹಳದಿಯಲ್ಲೇ ನಿಂತುಬಿಡುತ್ತದೆ. ಜೀನೋಮ್ (ಅದರ ಪೂರ್ತಿ ಡಿಎನ್‌ಎ) ನೋಡಿದರೆ ಶಿಗೆಲ್ಲಾ ಕೂಡ ಇ. ಕೊಲೈ ಕುಟುಂಬದ್ದೇ. ಅಣ್ಣತಮ್ಮಂದಿರಿಗೆ ಇರುವ ಕಿಣ್ವ ಇದಕ್ಕೆ ಮಾತ್ರ ಯಾಕಿಲ್ಲ? ಇಂಥ ಪ್ರಶ್ನೆ ಹುಟ್ಟಿದ ಜಾಗದಲ್ಲೇ ಅಗೆಯಬೇಕು. (ತಕ್ಕ ಸುರಕ್ಷತೆ ಇರುವ ಲ್ಯಾಬ್ ಇಲ್ಲದಿದ್ದರೆ ಶಿಗೆಲ್ಲಾ ಬೆಳೆಸಲು ಹೋಗಲೇಬೇಡಿ. ಈ ಫಲಿತಾಂಶಗಳು ಪಠ್ಯಪುಸ್ತಕದ ಕೋಷ್ಟಕಗಳಲ್ಲೇ ಸಿಗುತ್ತವೆ.)

ಈ ಕಿಣ್ವದ ಜೀನ್ ಹೆಸರು ಕ್ಯಾಡ್‌ಎ. ಜೀನ್ ಮಾಹಿತಿ ಉಚಿತವಾಗಿ ಸಿಗುವ ಎನ್‌ಸಿಬಿಐ ತಾಣದಿಂದ ಇ. ಕೊಲೈಯ ಕೆ-12 ಅನ್ನುವ ಲ್ಯಾಬ್ ತಳಿಯ ಕ್ಯಾಡ್‌ಎ ಪ್ರೋಟೀನ್ ಇಳಿಸಿಕೊಳ್ಳಿ. ಅದನ್ನು ಪ್ರೋಟೀನ್ ಡೇಟಾಬೇಸಿನಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಕೆಟ್ಟ ಜೀನ್ ಪೂರ್ತಿ ಪ್ರೋಟೀನ್ ಮಾಡುವುದಿಲ್ಲ, ಆದ್ದರಿಂದ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವೇ ಇರುವುದಿಲ್ಲ. ಪ್ರೋಟೀನ್ ಕೊಟ್ಟರೆ ಡಿಎನ್‌ಎಯಲ್ಲಿ ಹುಡುಕುವ ಟಿಬ್ಲಾಸ್ಟ್‌ಎನ್ ಅನ್ನುವ ಸಾಧನ ಬಳಸಿ, ಶಿಗೆಲ್ಲಾದ ಇಡೀ ಜೀನೋಮ್‌ನ ಡಿಎನ್‌ಎ ಮೇಲೆ ಹುಡುಕಿ. ಆಗ ಮುರಿದ ತುಂಡುಗಳೂ ಸಿಗುತ್ತವೆ. ಏನೂ ಸಿಗದಿದ್ದರೆ ಅಕ್ಕಪಕ್ಕದ ಜೀನ್‌ಗಳಾದ ಕ್ಯಾಡ್‌ಬಿ, ಕ್ಯಾಡ್‌ಸಿ ಇವೆಯಾ ನೋಡಿ. ಆ ಜಾಗದಲ್ಲಿ ಜಿಗಿಯುವ ಜೀನ್‌ಗಳೋ ವೈರಸ್ಸಿನ ತುಂಡುಗಳೋ ಬಂದು ಕೂತಿರುವುದು ಸಾಮಾನ್ಯ.

ಮುಂದೆ, ಮುರಿತ ನಿಜವಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಪ್ಲೇಗ್ ಬ್ಯಾಕ್ಟೀರಿಯಾ ಯರ್ಸೀನಿಯಾ ಪೆಸ್ಟಿಸ್‌ನಲ್ಲಿ ಯೂರಿಯಾ ಒಡೆಯುವ ಯೂರಿಯೇಸ್ ಕಿಣ್ವ ಕೆಲಸ ಮಾಡುವುದಿಲ್ಲ. ಯುಆರ್‌ಇ-ಡಿ ಅನ್ನುವ ಜೀನ್‌ನಲ್ಲಿ ಸಾಲಾಗಿ ನಿಂತ ಜಿ ಅಕ್ಷರಗಳ (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ನಡುವೆ ಒಂದೇ ಒಂದು ಜಿ ಹೆಚ್ಚಾಗಿದೆ. ಅಲ್ಲಿಂದ ಮುಂದೆ ಮೂರು ಮೂರು ಅಕ್ಷರದ ಓದು ಪೂರಾ ತಪ್ಪುತ್ತದೆ. ಯೂರಿಯೇಸ್ ಚಿಗಟಗಳಿಗೆ ವಿಷ. ಚಿಗಟದ ಮೂಲಕ ಹರಡಬೇಕಾದ ಬ್ಯಾಕ್ಟೀರಿಯಾಕ್ಕೆ ಚಿಗಟ ಬೇಗ ಸಾಯಬಾರದು, ಅಲ್ವಾ? ಒಂದು ಅಕ್ಷರದಿಂದ ಇಷ್ಟು ದೊಡ್ಡ ಬದಲಾವಣೆ ಅನ್ನುವುದು ಇವತ್ತಿಗೂ ನನ್ನನ್ನು ಬೆರಗಾಗಿಸುತ್ತದೆ. ಆದರೆ ಒಂದೇ ಅಕ್ಷರ ಸಾಲಾಗಿ ಬರುವ ಕಡೆ ಸೀಕ್ವೆನ್ಸಿಂಗ್ ಯಂತ್ರಗಳು ಎಣಿಕೆ ತಪ್ಪುವುದೂ ಜಾಸ್ತಿ. ಅದಕ್ಕೇ ಒಂದೇ ಜೀನೋಮ್ ನಂಬಬೇಡಿ. ಬೇರೆ ಬೇರೆ ಲ್ಯಾಬ್‌ಗಳು ಓದಿದ ಹಲವು ಜೀನೋಮ್‌ಗಳಲ್ಲಿ ಅದೇ ಮುರಿತ ಇದೆಯಾ ನೋಡಿ.

ನಷ್ಟ ಎಷ್ಟು ಸಲ ಆಯಿತು ಅಂತ ತಿಳಿಯಲು ತಳಿಗಳ ವಂಶವೃಕ್ಷ ಬೇಕು. ಅದನ್ನು ಬರೆಯುವಾಗ ಇದೇ ಜೀನ್ ಬಳಸಬೇಡಿ. ಎಡಿಕೆ, ಫಮ್‌ಸಿ, ಎಂಡಿಎಚ್‌ನಂಥ ನಿತ್ಯದ ಕೆಲಸದ ಕಿಣ್ವಗಳ ಜೀನ್‌ಗಳಿಂದಲೋ, ಸಾಧ್ಯವಾದರೆ ಇಡೀ ಜೀನೋಮ್‌ನಿಂದಲೋ ಬರೆಯಿರಿ. ಆಮೇಲೆ ಪ್ರತಿ ಕೊಂಬೆಯಲ್ಲೂ ನಿಮ್ಮ ಜೀನ್ ಹೇಗೆ ಮುರಿದಿದೆ ಅಂತ ಗುರುತು ಹಾಕಿ. ಶಿಗೆಲ್ಲಾದಲ್ಲಿ ಆಗ ಕಾಣುವುದೇ ಸೊಗಸು: ಬೇರೆ ಬೇರೆ ಕವಲುಗಳಲ್ಲಿ ಕ್ಯಾಡ್‌ಎ ಬೇರೆ ಬೇರೆ ರೀತಿಯಲ್ಲಿ ಹಾಳಾಗಿದೆ. ಅಂದರೆ ಅದು ಒಂದೇ ಪೂರ್ವಜನಿಂದ ಬಂದ ನಷ್ಟವಲ್ಲ, ಪ್ರತ್ಯೇಕವಾಗಿ ಮತ್ತೆ ಮತ್ತೆ ಆದದ್ದು. ಹೀಗೆ ಮರುಕಳಿಸಿದರೆ, ಜೀನ್ ಕಳೆದುಕೊಂಡದ್ದರಿಂದಲೇ ಬ್ಯಾಕ್ಟೀರಿಯಾಕ್ಕೆ ಲಾಭವಾಯಿತು ಅನ್ನುವ ಅನುಮಾನ ಬಲವಾಗುತ್ತದೆ.

ಆದರೂ ಅನುಮಾನ ಅನುಮಾನವೇ. ಬಳಸದ ಬಾವಿಯಲ್ಲಿ ಹೂಳು ತುಂಬುವ ಹಾಗೆ ಬೇಡವಾದ ಜೀನ್‌ಗಳು ಸುಮ್ನೆ ಹಾಳಾಗುತ್ತವೆ. ಕುಷ್ಠರೋಗದ ಬ್ಯಾಕ್ಟೀರಿಯಾದ ಜೀನೋಮ್ 2001ರಲ್ಲಿ ಪ್ರಕಟವಾದಾಗ 1,604 ಪ್ರೋಟೀನ್ ಜೀನ್‌ಗಳ ಜೊತೆ 1,116 ಹುಸಿ ಜೀನ್‌ಗಳು (ಕೆಟ್ಟು ಕೆಲಸ ನಿಲ್ಲಿಸಿದವು) ಸಿಕ್ಕವು. ಅಷ್ಟೂ ಲಾಭಕ್ಕಾಗಿ ಮುರಿದವು ಅನ್ನಲು ಆಗುವುದಿಲ್ಲ. ಎರಡನ್ನೂ ಬೇರ್ಪಡಿಸುವ ನೇರ ದಾರಿ ಅಂದರೆ ಜೀನ್ ವಾಪಸ್ ಹಾಕಿ ನೋಡುವುದು. ವಿಜ್ಞಾನಿ ಆಂಥೊನಿ ಮೌರೆಲ್ಲಿ ಅವರ ತಂಡ 1998ರಲ್ಲಿ ಶಿಗೆಲ್ಲಾಕ್ಕೆ ಕ್ಯಾಡ್‌ಎ ವಾಪಸ್ ಕೊಟ್ಟಿತು. ಕ್ಯಾಡಾವರಿನ್ ಹುಟ್ಟಿತು, ಅದು ಶಿಗೆಲ್ಲಾದ ಎಂಟೆರೊಟಾಕ್ಸಿನ್ (ಕರುಳಿಗೆ ಹಾನಿ ಮಾಡುವ ವಿಷ) ಕೆಲಸವನ್ನೇ ತಡೆಯಿತು. ಇಂಥ ಪ್ರಯೋಗ ನಿಮ್ಮ ಕೈಲಿಲ್ಲದಿದ್ದರೆ ವರದಿಯಲ್ಲಿ ‘ಲಾಭವಿರಬಹುದು’ ಅಂತಷ್ಟೇ ಬರೆಯಿರಿ.

ಪಟ್ಟಿ ಮಾಡುವಾಗ ತಳಿಯ ಹೆಸರಿನ ಪಕ್ಕ ಅದು ದೇಹದ ಯಾವ ಭಾಗದಿಂದ ಬಂತು ಅನ್ನುವ ಕಾಲಂ ಇರಲೇಬೇಕು. ಕಣ್ಣು, ಜನನಾಂಗಗಳಿಗೆ ಸೋಂಕು ತರುವ ಬ್ಯಾಕ್ಟೀರಿಯಾ ಕ್ಲಾಮಿಡಿಯಾ ಟ್ರಕೋಮ್ಯಾಟಿಸ್‌ನಲ್ಲಿ ಜನನಾಂಗದ ತಳಿಗಳು ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲ ಮಾಡುವ ಕಿಣ್ವವನ್ನು ಉಳಿಸಿಕೊಂಡಿವೆ, ಕಣ್ಣಿನ ತಳಿಗಳಲ್ಲಿ ಅದು ಸಾಮಾನ್ಯವಾಗಿ ಕೆಟ್ಟಿದೆ. ಜನನಾಂಗದಲ್ಲಿ ನೆರೆಯ ಬ್ಯಾಕ್ಟೀರಿಯಾಗಳಿಂದ ಇಂಡೋಲ್ ಅನ್ನುವ ರಾಸಾಯನಿಕ ಸಿಗುತ್ತದೆ, ಆ ಕಿಣ್ವ ಅದರಿಂದ ಟ್ರಿಪ್ಟೊಫಾನ್ ಮಾಡಿಕೊಳ್ಳುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಆ ಕಾಲಂ ಬಿಟ್ಟರೆ ಎರಡೂ ಗುಂಪು ಒಂದಕ್ಕೊಂದು ಬೆರೆತು, ಈ ವ್ಯತ್ಯಾಸ ನಿಮಗೆ ಕಾಣುವುದೇ ಇಲ್ಲ.