ಫಾರ್ಮ್ಯಾಟ್ ಮಾಡದೆ ಬಿಲ್ಲಿಂಗ್ ಎಬ್ಬಿಸಿದ್ದು

ಹತ್ತು-ಹನ್ನೆರಡು ವರ್ಷದ ಹಿಂದೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಎಷ್ಟೋ ದಲಾಲಿ ಅಂಗಡಿಗಳಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿದ ಮಿಷನ್ನೇ ಇರುತ್ತಿತ್ತು. ಅದರಲ್ಲಿ ಯಾರೋ ವಿಬಿ6ನಲ್ಲಿ (ವಿಷುಯಲ್ ಬೇಸಿಕ್ 6) ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್. ತೂಕ, ಹಮಾಲಿ, ಕಮಿಷನ್ ಹಾಕಿ ರೈತರಿಗೆ ಪಟ್ಟಿ ಹೊಡೆಯುವುದು ಅದೇ. ಅದು ಏಳದಿದ್ದರೆ ಅಂಗಡಿ ನಿಂತ ಹಾಗೆ.

ಒಬ್ಬ ಸಾವ್ಕಾರರ ಅಂಗಡಿಯಲ್ಲಿ ಅದು ಮೂರು ತಿಂಗಳಲ್ಲಿ ಮೂರು ಸಲ ನಿಂತಿತು. ಪ್ರತಿ ಸಲವೂ ಎರರ್ 339, ಎಂಎಸ್‌ಕಾಮ್‌ಸಿಟಿಎಲ್ ಓಸಿಎಕ್ಸ್ ರಿಜಿಸ್ಟರ್ ಆಗಿಲ್ಲ ಅಂತ. ಓಸಿಎಕ್ಸ್ ಅಂದರೆ ಇಂಥ ಸಾಫ್ಟ್‌ವೇರ್ ಏಳಲು ಬೇಕಾದ, ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಒಂದು ಫೈಲ್. ರಿಪೇರಿಗೆ ಕರೆಯುತ್ತಿದ್ದದ್ದು ನನ್ನನ್ನು. ಮೊದಲೆರಡು ಸಲ ಫಾರ್ಮ್ಯಾಟ್ ಹೊಡೆದೆ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಚಾರ್ಜು ಆಗ 400 ಇರಬೇಕು. ಎರಡನೇ ಸಲ ಅರ್ಧವೇ ಕೈಗೆ ಬಂತು. ಮೂರನೇ ಸಲ ಫೋನಲ್ಲೇ ಮಂಗಳಾರತಿ: "ತಮ್ಮಾ, ತಿಂಗಳಿಗೊಮ್ಮೆ ಹಿಂಗ ಆದ್ರ ನಾ ಕೈಲೇ ಪಟ್ಟಿ ಬರೀತೀನಿ ಬಿಡು."

ರಿಜಿಸ್ಟರ್ ಮಾಡುವ ರೆಗ್‌ಎಸ್‌ವಿಆರ್32 ಕಮಾಂಡ್ ಹೊಡೆದರೆ ಸಕ್ಸೀಡೆಡ್ ಅನ್ನುತ್ತದೆ, ಸಾಫ್ಟ್‌ವೇರ್ ತೆರೆದರೆ ಮತ್ತೆ 339. ಪಕ್ಕದ ಅಂಗಡಿಯಿಂದ ಆ ಫೈಲ್ ತಂದು ಹಾಕಿದೆ. ಅದೂ ಹಳೇದೇ ಅಂತ ಗೊತ್ತಾಗುವಷ್ಟರಲ್ಲಿ ರಾತ್ರಿ ಎರಡಾಗಿತ್ತು. ಕೊನೆಗೆ ಪ್ರಾಪರ್ಟೀಸ್‌ನಲ್ಲಿ ವರ್ಷನ್ ನೋಡಿದೆ. ಸಾಫ್ಟ್‌ವೇರಿಗೆ ಬೇಕಾದದ್ದು 6.1, ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿ ಕೂತಿದ್ದು 6.0.

ವರ್ಷನ್ನನ್ನು ಹಿಂದಕ್ಕೆ ತಳ್ಳಿದ್ದು ಯಾರು? ಅಂಗಡಿಯ ಹುಡುಗನನ್ನು ಕೇಳಿದೆ. "ಸಾರ್, ನೀವು ಫಾರ್ಮ್ಯಾಟ್ ಮಾಡಿ ಹೋದಮ್ಯಾಲೆ ಸ್ಕ್ಯಾನರ್ ನಡೀತಿರಲಿಲ್ಲ. ಬೇಕಾದಾಗ ಅದರ ಸಿಡಿ ಹಾಕಿದ್ದೆ." ನಗಬೇಕೋ ಅಳಬೇಕೋ! ನಾನು ಫಾರ್ಮ್ಯಾಟ್ ಮಾಡುವುದು, ಅವನು ಸಿಡಿ ಹಾಕುವುದು, ಸಿಡಿ ಹಳೇ ಓಸಿಎಕ್ಸ್ ತುರುಕುವುದು. ರೋಗಕ್ಕೆ ನನ್ನ ಔಷಧಿಯೂ ಒಂದು ಕಾರಣ.

ಬಾಯಿಮಾತಿಗೆ ಯಾರೂ ನಂಬಲಿಲ್ಲ. "ವೈರಸ್ ಇರತೈತಿ, ಸುಮ್ನೆ ಫಾರ್ಮ್ಯಾಟ್ ಹೊಡಿ" ಅಂದ ನನ್ನ ಗೆಳೆಯ. ಅವನೂ ಇದೇ ಕಸುಬಿನವನು. ನನ್ನ ಮಿಷನ್‌ನಲ್ಲಿ ಹೊಸ ಎಕ್ಸ್‌ಪಿ, ಬಿಲ್ಲಿಂಗ್ ಹಾಕಿ, ಆಮೇಲೆ ಆ ಸಿಡಿ ಓಡಿಸಿದೆ. ತಾರೀಖಿನ ಪ್ರಕಾರ ಸಾಲು ಮಾಡಿ ಹುಡುಕಿದರೆ ಏನೂ ಸಿಗಲಿಲ್ಲ. ಇನ್‌ಸ್ಟಾಲರ್ ಫೈಲಿನ ಹಳೇ ತಾರೀಖನ್ನು ಹಾಗೇ ಉಳಿಸಿರುತ್ತದೆ, ಅಲ್ವಾ? ಹೊಸದಾಗಿ ಬಂದದ್ದು ಪಟ್ಟಿಯ ತಳದಲ್ಲಿ ಅಡಗಿ ಕೂತಿತ್ತು. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಿತು ಅಂತ ತೋರಿಸುವ ಪ್ರೋಸೆಸ್ ಮಾನಿಟರ್ ಹಚ್ಚಿ, ಸಿಸ್ಟಮ್32ರಲ್ಲಿ ಬರೆದದ್ದನ್ನು ಮಾತ್ರ ಸೋಸಿದೆ. ಹನ್ನೊಂದೋ ಹನ್ನೆರಡೋ ಫೈಲ್. ಅದರಲ್ಲಿ ಮೂರು ಮೊದಲೇ ಇದ್ದವು, ನಮ್ಮ ಓಸಿಎಕ್ಸ್ ಅವುಗಳಲ್ಲೊಂದು. ವರ್ಷನ್ ನೋಡಿ ಹೊಸದಿದ್ದರೆ ಮುಟ್ಟಬಾರದು ಅನ್ನುವ ಕನಿಷ್ಠ ಮರ್ಯಾದೆಯೂ ಆ ಇನ್‌ಸ್ಟಾಲರಿಗೆ ಇರಲಿಲ್ಲ. ವಿಂಡೋಸ್ 2000ದಿಂದ ಫೈಲ್ ಪ್ರೊಟೆಕ್ಷನ್ ಇತ್ತು ನಿಜ, ಆದರೆ ಅದು ಕಾಯುತ್ತಿದ್ದದ್ದು ವಿಂಡೋಸ್‌ನ ಸ್ವಂತ ಫೈಲುಗಳನ್ನು. ಇದು ಹೊರಗಿನಿಂದ ಬಂದದ್ದು, ಕೇಳುವವರಿಲ್ಲ.

ಫೈಲಿಗೆ ರೀಡ್-ಓನ್ಲಿ ಹಾಕಿ ನೋಡಿದೆ. ಇನ್‌ಸ್ಟಾಲರ್ ಅದನ್ನು ಕಿತ್ತು ಬರೆಯಿತು. ಪರ್ಮಿಷನ್ ತೆಗೆದೆ. ಅರ್ಧಕ್ಕೆ ನಿಂತು ಸ್ಕ್ಯಾನರೇ ಬರಲಿಲ್ಲ. ಸ್ಕ್ಯಾನರ್ ಅನ್‌ಇನ್‌ಸ್ಟಾಲ್ ಮಾಡುವಾಗ 'ಹಂಚಿಕೊಂಡ ಫೈಲ್ ತೆಗೆಯಲೇ' ಅಂತ ಕೇಳಿತು, ಎಲ್ಲಕ್ಕೂ ಎಸ್ ಒತ್ತಿದೆ. ಓಸಿಎಕ್ಸ್ ಪೂರ್ತಿ ಮಾಯ. ಅಲ್ಲಿಗೆ ಒಂದು ಭಾನುವಾರ ಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಇದು: 6.1 ಓಸಿಎಕ್ಸನ್ನು ಬಿಲ್ಲಿಂಗ್ ಫೋಲ್ಡರಿನಲ್ಲೇ ಇಟ್ಟೆ. ಪಕ್ಕದಲ್ಲಿ ಸಾಫ್ಟ್‌ವೇರಿನ ಎಕ್ಸಿ (.exe) ಫೈಲಿನ ಪೂರ್ತಿ ಹೆಸರಿಗೆ ಡಾಟ್ ಲೋಕಲ್ (.local) ಸೇರಿಸಿ ಒಂದು ಖಾಲಿ ಫೈಲ್. ಅದಿದ್ದರೆ ಪ್ರೋಗ್ರಾಂ ಮೊದಲು ತನ್ನ ಮನೆಯಲ್ಲೇ ಹುಡುಕುತ್ತದೆ. "ಖಾಲಿ ಫೈಲಿಗೆ ಕುಂಕುಮಾನೂ ಹಚ್ಚು" ಅಂತ ಗೆಳೆಯ ನಕ್ಕ. ಅವನೆದುರೇ ಸಿಡಿಯನ್ನು ಐದು ಸಲ ಓಡಿಸಿದೆ. ಐದು ಸಲವೂ ಬಿಲ್ಲಿಂಗ್ ಎದ್ದಿತು. ಆಮೇಲೆ ಅವನು ನಕ್ಕಿಲ್ಲ.

ಒಂದು ಅಂಗಡಿಯಲ್ಲಿ ಮಾತ್ರ ಕೈಕೊಟ್ಟಿತು. ಬಟನ್ ಚಂದ ಕಾಣಲಿ ಅಂತ ಯಾರೋ ಎಕ್ಸಿ ಜೊತೆ ಮ್ಯಾನಿಫೆಸ್ಟ್ ಅನ್ನುವ ಸೆಟ್ಟಿಂಗ್ ಫೈಲ್ ಇಟ್ಟಿದ್ದರು. ಅದಿದ್ದರೆ ಎಕ್ಸ್‌ಪಿ ಡಾಟ್ ಲೋಕಲ್ ಕಡೆ ತಿರುಗಿಯೂ ನೋಡುವುದಿಲ್ಲ. ಮ್ಯಾನಿಫೆಸ್ಟ್ ತೆಗೆದೆ, ಬಟನ್ ಹಳೇ ಕಾಲದ್ದಾಯಿತು, ಪಟ್ಟಿ ಹೊಡೆಯಿತು. ಈಗ ಬಿಲ್ಲಿಂಗ್ ಐಕಾನ್ ಹಿಂದೆ ಒಂದು ಬ್ಯಾಚ್ ಫೈಲೂ ಇಡುತ್ತೇನೆ. ಮೊದಲು ನಮ್ಮ ಓಸಿಎಕ್ಸನ್ನು ಸದ್ದಿಲ್ಲದೆ ರಿಜಿಸ್ಟರ್ ಮಾಡಿ, ಆಮೇಲೆ ಸಾಫ್ಟ್‌ವೇರ್ ತೆರೆಯುತ್ತದೆ. ಅದರಲ್ಲಿ ಇನ್ನೂ ಎರಡು ಸಾಲಿವೆ. ಅವು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಸಾವ್ಕಾರರು 1,500 ಕೊಟ್ಟರು, ಮೇಲೆ ಎರಡು ಕೆಜಿ ಡಬ್ಬಿ ಮೆಣಸಿನಕಾಯಿ. ಆ ಸಿಡಿ ಈಗಲೂ ನನ್ನ ಡ್ರಾಯರಿನಲ್ಲಿದೆ. ಹುಡುಗನ ಕೈಗೆ ವಾಪಸ್ ಕೊಡಲಿಲ್ಲ.