ಏಣಿ ಹಾಕೋ ಮೊದಲು ತಗೊಳ್ಳೋರನ್ನು ಹುಡುಕಿ

ಬೇಡದ ಸಾಮಾನು ತೆಗೆಯೋ ಬಗ್ಗೆ ನಾನು ಓದಿದ ಸಲಹೆಗಳೆಲ್ಲ ಒಂಟಿಯಾಗಿ ಬಾಳುವವರಿಗೆ ಬರೆದ ಹಾಗಿದ್ದವು. ಒಂದೊಂದೇ ವಸ್ತು ಕೈಗೆ ತಗೊಳ್ಳಿ, ಬೇಕಾ ಬೇಡವಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ, ಬೇಡ ಅಂದ್ರೆ ಕಳಿಸಿಬಿಡಿ. ನಮ್ಮದು ಮೈಸೂರಿನಲ್ಲಿ ಮಾವ ಕಟ್ಟಿಸಿದ ಮನೆ, ಪ್ರತಿ ರೂಮಿಗೂ ಒಂದು ಅಟ್ಟ. ಇಲ್ಲಿ ನನ್ನನ್ನು ನಾನೇ ಕೇಳಿಕೊಂಡು ಏನೂ ಪ್ರಯೋಜನ ಇಲ್ಲ. ಅತ್ತೆ, ಗಂಡ, ಮಗಳು, ದುಬೈನಲ್ಲಿರೋ ಮೈದುನ, ಎಲ್ಲರ ಪಾಲೂ ಮೇಲಿದೆ. ತೀರಿಕೊಂಡ ಮಾವನದ್ದೂ ಇದೆ.

ಬಿಸಾಕೋಣ ಅಂದ್ರೆ ಜಗಳ. ಯಾರಿಗಾದ್ರೂ ಕೊಡೋಣ ಅಂದ್ರೂ ಅರ್ಧ ಜಗಳ, ಯಾಕಂದ್ರೆ ಆ ಯಾರೋ ಯಾರು ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ "ಅತ್ತೆ, ಇದು ಹಿಂದಿನ ಬೀದಿ ಹೊಲಿಗೆ ಕ್ಲಾಸಿನವರಿಗೆ, ಶನಿವಾರ ಬಂದು ತಗೊಂಡು ಹೋಗ್ತಾರೆ" ಅಂದಾಗ ಅತ್ತೆ "ಹಾಗಾದ್ರೆ ಒಗೆದು ಕೊಡು" ಅಂದುಬಿಟ್ಟರು. ಅಲ್ಲಿಂದ ನಾನು ಕೆಲಸವನ್ನೇ ಉಲ್ಟಾ ಮಾಡಿದೆ. ಮೊದಲು ತಗೊಳ್ಳೋರು, ಆಮೇಲೆ ಏಣಿ.

ಹೊಲಿಗೆ ಕ್ಲಾಸಿನವರಿಗೆ ಕೊಟ್ಟಿದ್ದು ರವಿಕೆ ಕಣ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೌರಿ ಬಾಗಿನ, ವರಮಹಾಲಕ್ಷ್ಮಿ, ಸೀಮಂತ, ಗೃಹಪ್ರವೇಶ, ಎಲ್ಲಿ ಹೋದರೂ ಅರಿಶಿನ ಕುಂಕುಮದ ಜೊತೆ ಒಂದು ಕಣ. ಹೊಲಿಸೋರು ಯಾರೂ ಇಲ್ಲ. ಹೆಚ್ಚಿನವು 80 ಸೆಂಟಿಮೀಟರ್ ತುಂಡು, ಉದ್ದ ತೋಳಿನ ರವಿಕೆಗೆ ಸಾಲಲ್ಲ, ಬಟ್ಟೆಯೂ ಬೆವರು ಹೀರಲ್ಲ. ಮಡಿಕೆ ಬಿಚ್ಚದೆ ಮುಂದಿನ ಮನೆಗೆ ಹೋಗುತ್ತೆ. ಅತ್ತೆ ಯಾರು ಕೊಟ್ಟಿದ್ದು ಅಂತ ಮೂಲೆಯಲ್ಲಿ ಪೆನ್ನಿಂದ ಸಣ್ಣದಾಗಿ ಬರೆದಿಡ್ತಾರೆ, ಕೊಟ್ಟವರಿಗೇ ವಾಪಸ್ ಹೋಗಬಾರದಲ್ವಾ. ಹಾಗೆ ಅತ್ತೆಯ ಅಕ್ಷರ ಇರೋ ಕಣವೊಂದು ಊರೆಲ್ಲ ಸುತ್ತಿ ನಮ್ಮ ಮನೆಗೇ ಬಂದಿತ್ತು! ಅವತ್ತು ನಕ್ಕೂ ನಕ್ಕೂ ಸಾಕಾಯ್ತು. ಅತ್ತೆಯ ಮನಸ್ಸು ಸಡಿಲ ಆಗಿದ್ದೂ ಅವತ್ತೇ ಅಂತ ನನ್ನ ಲೆಕ್ಕ.

ಕಣಗಳನ್ನು ಹತ್ತಿ, ಪಾಲಿಯೆಸ್ಟರ್ ಅಂತ ಎರಡು ಗುಂಪು ಮಾಡಿದೆವು. ಗೊತ್ತಾಗದಿದ್ದರೆ ಅಂಚಿನ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ, ಪಾಲಿಯೆಸ್ಟರ್ ಆದ್ರೆ ಕರಗಿ ಕಪ್ಪಗೆ ಗಟ್ಟಿಯಾಗಿ ಉಂಡೆ ಕಟ್ಟುತ್ತೆ. ಹತ್ತಿಯವು ಲೈನಿಂಗಿಗೆ ಆಗುತ್ತೆ. ಉಳಿದವು ಹೊಲಿಗೆ ಕಲಿಯೋರು ಕತ್ತರಿಸಿ ಅಭ್ಯಾಸ ಮಾಡೋಕೆ. ಕಲಿಯೋರಿಗೆ ಹಾಳಾದರೂ ಬೇಜಾರಿಲ್ಲದ ಬಟ್ಟೆ ಬೇಕು, ನಮಗೆ ಜಾಗ ಬೇಕು.

ಪಾತ್ರೆ ವಿಷಯ ಇಷ್ಟು ಸುಲಭ ಆಗಲಿಲ್ಲ. ಹಿತ್ತಾಳೆ ಕೊಳದಪ್ಪಲೆ, ತಾಮ್ರದ ಹಂಡೆ, ಕೊಡಗಳು, ಅದರ ಮೇಲೆ ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ರಾಶಿ. ಆಗ ಅಂಗಡಿಯಲ್ಲೇ ಹೆಸರು ಹಾಕಿಸಿ ಕೊಡ್ತಿದ್ದರಲ್ಲ, ಚುಕ್ಕಿ ಚುಕ್ಕಿಯಾಗಿ, ಕೊಟ್ಟವರ ಹೆಸರು, ಊರು, ತಾರೀಖು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡಿದು ಓದಿದರು. ಒಂದು ಮಧ್ಯಾಹ್ನ ಪೂರ್ತಿ ಅದೇ ಆಯ್ತು. ನಾನು ಅವಸರ ಮಾಡಲಿಲ್ಲ. ಕೆಲವು ಹೆಸರಿಗೆ ದೊಡ್ಡ ಕಥೆ, ಕೆಲವಕ್ಕೆ "ಇವರ್ಯಾರು ಕಣೇ?" ಯಾರು ಅಂತ ನೆನಪಾಗದ ಪಾತ್ರೆಗಳನ್ನು ಅವರೇ ಒಂದು ಕಡೆ ತಳ್ಳಿದರು. ಗುಜರಿಗೆ ಹೋಗಿದ್ದು ಅವು.

ಗುಜರಿಯವರಿಗೆ ಕೊಡುವಾಗ ಪೇಪರು, ರಟ್ಟು, ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಬೇರೆ ಬೇರೆ ಮಾಡಿಡಿ. ಒಟ್ಟಿಗೆ ಸುರಿದರೆ ಒಟ್ಟಿಗೇ ಕಡಿಮೆ ರೇಟು ಹೇಳ್ತಾರೆ. ತಾಮ್ರಕ್ಕೆ ಜಾಸ್ತಿ ಬೆಲೆ, ಆಮೇಲೆ ಹಿತ್ತಾಳೆ, ಅಲ್ಯೂಮಿನಿಯಂ, ಕೊನೆಗೆ ಕಬ್ಬಿಣ. ರೇಟು ದಿನಾ ಬದಲಾಗುತ್ತೆ, ಹಾಗಾಗಿ ತೂಗೋ ಮೊದಲೇ ಕೇಳಿ, ಮನೆಯಲ್ಲೇ ಒಮ್ಮೆ ತೂಕ ನೋಡಿಡಿ. ಹಳೇ ಎಕ್ಸ್‌ರೇ ಫಿಲ್ಮ್ ಇದ್ದರೆ ಅದನ್ನೂ ಕೇಳಿ ನೋಡಿ, ಅದರಲ್ಲಿ ಬೆಳ್ಳಿ ಅಂಶ ಇರುತ್ತೆ, ಕೆಲವರು ತಗೊಳ್ತಾರೆ.

ಕೊಳದಪ್ಪಲೆ ಎರಡನ್ನು ಪಕ್ಕದ ರಾಮಮಂದಿರಕ್ಕೆ ಕೊಟ್ಟೆವು, ರಾಮನವಮಿ ಪಾನಕಕ್ಕೆ ಪ್ರತಿವರ್ಷ ಬಾಡಿಗೆ ಪಾತ್ರೆ ತರ್ತಿದ್ದರು. ಕಲಾಯಿ ಹಾಕಿಸಿಯೇ ಕೊಟ್ಟಿದ್ದು. ಹಿತ್ತಾಳೆ ತಾಮ್ರದಲ್ಲಿ ಕಲಾಯಿ ಇಲ್ಲದೆ ಹುಳಿ, ನಿಂಬೆರಸ ಏನೂ ಇಡಬಾರದು, ಕಿಲುಬು ಬಿಡುತ್ತೆ. ಕಲಾಯಿಯವರು ಪಾತ್ರೆ ಕಾಯಿಸಿ ನವಸಾಗರದ ಪುಡಿ ಹಾಕಿ ಹತ್ತಿಯಿಂದ ತವರ ಸವರೋದನ್ನು ಮಗಳು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು.

ಮಾವನ ಪತ್ರಿಕೆಗಳಿದ್ದವು. ಕಸ್ತೂರಿಯ ಹಳೇ ಸಂಚಿಕೆಗಳು, ಸುಧಾ, ತರಂಗದಲ್ಲಿ ಬಂದ ಧಾರಾವಾಹಿಗಳನ್ನು ಪುಟ ಪುಟ ಕತ್ತರಿಸಿ ರಟ್ಟು ಹಾಕಿಸಿದ ಸಂಪುಟಗಳು. ಆ ತಲೆಮಾರಿನವರು ತುಂಬಾ ಮನೆಗಳಲ್ಲಿ ಹೀಗೆ ಮಾಡಿದ್ದಾರೆ. ಕೆಲವು ಪುಟದ ಹಿಂದೆ ಸೋಪಿನ ಜಾಹೀರಾತು, ಕಥೆಗಿಂತ ಅದೇ ಮಜಾ. ಇವಕ್ಕೆ ನಾನು ವಿಳಾಸ ಹುಡುಕಲೇ ಇಲ್ಲ, ನಮ್ಮ ಕಪಾಟಿಗೇ ಬಂದವು. ಉಳಿದ ಕಥೆಪುಸ್ತಕ, ಮಗಳು ಓದಿದ ಮಕ್ಕಳ ಪುಸ್ತಕ ಎಲ್ಲ ಪರಿಚಯದವರ ಊರಿನ ಗ್ರಾಮ ಪಂಚಾಯಿತಿ ಲೈಬ್ರರಿಗೆ, ಅಂದ್ರೆ ಅರಿವು ಕೇಂದ್ರಕ್ಕೆ ಹೋದವು, ಮೊದಲು ಫೋನ್ ಮಾಡಿ ಯಾವುದು ಬೇಕು ಅಂತ ಕೇಳಿದ ಮೇಲೆ. ಗೆದ್ದಲು ಹಿಡಿದ ಗೈಡುಗಳನ್ನು ದಾನ ಅಂತ ಕಳಿಸೋದು ನನಗೆ ಸರಿ ಕಾಣಲ್ಲ. ಅದು ನಮ್ಮ ಕಸವನ್ನು ಇನ್ನೊಬ್ಬರ ಕೈಲಿ ಹಾಕಿಸೋದು, ಅಷ್ಟೇ.

ತುಂಬಾ ಜನ ಕೇಳೋದು ದೇವರ ಪಟಗಳ ಬಗ್ಗೆ. ಗಾಜು ಒಡೆದದ್ದು, ಬಣ್ಣ ಹೋದದ್ದು, ವರ್ಷ ವರ್ಷದ ಕ್ಯಾಲೆಂಡರು, ಮದುವೆ ಪತ್ರಿಕೆ. ಎಲ್ಲರೂ ರಾತ್ರಿ ಹೊತ್ತು ಅಶ್ವತ್ಥ ಕಟ್ಟೆ ಮೇಲೆ ಇಟ್ಟು ಕೈಮುಗಿದು ಬಂದುಬಿಡ್ತಾರೆ. ಮಳೆಗೆ ನೆನೆದು, ಗಾಜು ಒಡೆದು, ಕೊನೆಗೆ ಬರಿಗೈಯಲ್ಲಿ ಎತ್ತೋದು ಪೌರಕಾರ್ಮಿಕರು. ನಾವು ಮನೆಯಲ್ಲೇ ಬಿಚ್ಚಿದೆವು. ಅತ್ತೆ ಒಂದು ಹೂ ಇಟ್ಟು ನಮಸ್ಕಾರ ಮಾಡಿದರು. ಪಟ ಮಗುಚಿ ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಎಳೆದರೆ ರಟ್ಟು ಬರುತ್ತೆ, ಆಮೇಲೆ ಚಿತ್ರ, ಗಾಜು, ಚೌಕಟ್ಟು. ಗಾಜನ್ನು ದಪ್ಪ ಪೇಪರಲ್ಲಿ ಸುತ್ತಿ ಮೇಲೆ ಗಾಜು ಅಂತ ಬರೆದು ಕೊಟ್ಟೆವು. ಬರೀ ಕಾಗದದ ಚಿತ್ರಗಳನ್ನು ಬಕೆಟ್ ನೀರಲ್ಲಿ ನೆನೆಸಿ, ಮುದ್ದೆಯಾದ ಮೇಲೆ ದಾಸವಾಳದ ಬುಡದಲ್ಲಿ ಮಣ್ಣು ಮುಚ್ಚಿದೆವು. ಪ್ಲಾಸ್ಟಿಕ್ ಹೊದಿಕೆ, ಹೊಳೆಯೋ ಜರತಾರಿ ಕಾಗದ ಇರೋವು ಕರಗಲ್ಲ, ಅವು ಒಣ ಕಸಕ್ಕೇ. ಇದಕ್ಕೆ ಅತ್ತೆ ಬೇಗ ಒಪ್ಪಿದ್ದು ನನಗೂ ಆಶ್ಚರ್ಯ. ಕಾಲಿಗೆ ಸಿಗೋ ಕಡೆ ಇಡೋದಕ್ಕಿಂತ ಇದೇ ಮರ್ಯಾದೆ ಅಂದರು.

ಡಬ್ಬಾ ಟಿವಿ ಗುಜರಿಗೆ ಬೇಡ. ಅದರ ಗಾಜಿನಲ್ಲಿ ಸೀಸ ಇರುತ್ತೆ, ತಾಮ್ರದ ತಂತಿಗೋಸ್ಕರ ಒಡೆದು ಉಳಿದದ್ದನ್ನು ಎಲ್ಲೋ ಸುರೀತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರೋ ಇ-ತ್ಯಾಜ್ಯದವರಿಗೇ ಕೊಡಿ. ಯುಪಿಎಸ್ ಬ್ಯಾಟರಿಯನ್ನು ಹೊಸದು ತಗೊಳ್ಳೋ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲಿ ಕಳೀತಾರೆ. ಕಾಗದಪತ್ರದಲ್ಲಿ ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ, ಮಾರ್ಕ್ಸ್ ಕಾರ್ಡ್ ಮುಟ್ಟಬೇಡಿ, ಎಷ್ಟೇ ಹಳೇದಾದರೂ. ಮಿಕ್ಸಿ ವಾರಂಟಿ ರಸೀದಿಗಳೆಲ್ಲ ಹೇಗೂ ಅಕ್ಷರ ಅಳಿಸಿ ಬೆಳ್ಳಗಾಗಿದ್ದವು.

ತಾರಸಿ ಮೇಲಿನದಕ್ಕೆ ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಒಡಕು ಕುಂಡ, ಸ್ಕೂಟರ್ ಟೈರು, ಪೇಂಟ್ ಡಬ್ಬ, ಎಲ್ಲದರಲ್ಲೂ ಮಳೆನೀರು. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಇಂಥದ್ದರಲ್ಲೇ, ನೀರು ಚೆಲ್ಲಿದರೂ ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಉಳಿಯುತ್ತೆ. ಅದಕ್ಕೇ ಉಳಿಸಿಕೊಂಡ ಡ್ರಮ್ಮುಗಳನ್ನು ಒಳಗಿಂದ ತಿಕ್ಕಿ ತೊಳೆಸಿದೆ.

ಅತ್ತೆಯ ಸೀರೆ ಬೀರು ಹಾಗೇ ಇದೆ. ಅದು ಅವರದ್ದು, ಅವರಾಗಿ ಹೇಳದೆ ನಾನು ಕೈ ಹಾಕಲ್ಲ. ಗೊಂಬೆ ಪೆಟ್ಟಿಗೆಗಳೂ ಅಟ್ಟದಲ್ಲೇ ಇವೆ, ದಸರಾಕ್ಕೆ ಬೇಕು. ಮೈದುನನಿಗೆ ಮಾತ್ರ ಗಡುವು ಕೊಟ್ಟಿದ್ದೇನೆ. ಮುಂದಿನ ರಜೆಯಲ್ಲಿ ಬಂದಾಗ ಕ್ರಿಕೆಟ್ ಕಿಟ್ ತಗೊಂಡು ಹೋಗಬೇಕು, ಇಲ್ಲಾಂದ್ರೆ ಬೀದಿ ಕೊನೆಯ ಹುಡುಗರಿಗೆ. ಅವರನ್ನು ಆಗಲೇ ಕೇಳಿಟ್ಟಿದ್ದೇನೆ. "ಅತ್ತಿಗೆ, ಬ್ಯಾಟ್ ಒಂದು ಇಟ್ಟಿರಿ ಪ್ಲೀಸ್" ಅಂದಿದ್ದಾನೆ. ಸರಿ, ಬ್ಯಾಟ್ ಇರಲಿ. ಪ್ಯಾಡು, ಗ್ಲೌಸು ಇಲ್ಲ.