ಮಳೆ ಲೆಕ್ಕದ ವೆಬ್ ಆ್ಯಪ್: ಮೂಡಿಗೆರೆಯಲ್ಲೇ ಕೂತು ಕಟ್ಟಿದ ಅನುಭವ

ಕಾಫಿ ತೋಟಗಳ ಮಳೆ ಲೆಕ್ಕಕ್ಕೊಂದು ವೆಬ್ ಆ್ಯಪ್, ಅದನ್ನೂ ನಮ್ಮ ಕಡೆ ಹುಡುಗರೇ ಸೇರಿ ಬರೆಯೋದು ಅಂದಾಗ ಬೆಂಗಳೂರಿನ ಗೆಳೆಯರು "ಎಕ್ಸೆಲ್ ಶೀಟ್ ಸಾಕು ಬಿಡಪ್ಪ" ಅಂದಿದ್ದರು. ಈಗ ಹತ್ತು ಹನ್ನೆರಡು ಜನ ಕೋಡ್ ಕಳಿಸುತ್ತಾರೆ. ಅರವತ್ತರ ಹತ್ತಿರ ತೋಟಗಳು ಮಳೆ ದಾಖಲಿಸುತ್ತಿವೆ.

ಮೊದಲು ಕೈಕೊಟ್ಟಿದ್ದು ಸೆಟಪ್. ಡಾಕರ್ (ಆ್ಯಪ್‌ಗೆ ಬೇಕಾದ್ದನ್ನೆಲ್ಲ ಒಂದೇ ಪೊಟ್ಟಣದಲ್ಲಿಟ್ಟು ಓಡಿಸುವ ಸಾಧನ), ಪೋಸ್ಟ್‌ಗ್ರೆಸ್ (ಡೇಟಾಬೇಸ್) ಎಲ್ಲ ಇಟ್ಟುಕೊಂಡೇ ಶುರು ಮಾಡಿದ್ದು. ಹುಡುಗರ ಹತ್ತಿರ ಇದ್ದದ್ದು 4 ಜಿಬಿಯ ಹಳೇ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್. ಡಾಕರ್‌ನ ಇಮೇಜ್, ಅಂದರೆ ಆ ಪೊಟ್ಟಣ, ಇಳಿಯುವಷ್ಟರಲ್ಲಿ ದಿನದ ಡೇಟಾ ಖಾಲಿ. ಒಂದು ಸಾಲು ಬರೆಯುವ ಮುಂಚೆಯೇ ಮೂರ್ನಾಲ್ಕು ಜನ ಬಿಟ್ಟು ಹೋದರು. ಡಾಕರ್ ಕಿತ್ತು ಹಾಕಿದೆ. ಬರೀ ಪೈಥಾನ್ ಭಾಷೆ, ಅದರಲ್ಲಿ ವೆಬ್ ಆ್ಯಪ್ ಕಟ್ಟೋಕೆ ಜಾಂಗೋ, ಒಂದೇ ಫೈಲಿನ ಡೇಟಾಬೇಸ್ ಎಸ್‌ಕ್ಯೂಲೈಟ್. ಪ್ಯಾಕೇಜುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ ಕೈಗೇ ಕೊಟ್ಟೆ. ಈಗ ಹೊಸಬರು ಒಂದೇ ಸಂಜೆಯಲ್ಲಿ ತಯಾರು. ಕಮಿಟ್ ಮಾಡೋಕೆ, ಅಂದರೆ ಕೋಡಿನ ಬದಲಾವಣೆ ದಾಖಲಿಸಿಡೋಕೆ, ನಾವು ಬಳಸುವ ಗಿಟ್‌ಗೆ ನೆಟ್ ಬೇಡ ಅಲ್ವಾ? ಜುಲೈ ಮಳೆಗೆ ಟವರ್ ಸತ್ತರೂ ಕೆಲಸ ನಿಲ್ಲೋದಿಲ್ಲ.

ಮೊದಲ ಪುಲ್ ರಿಕ್ವೆಸ್ಟ್‌ಗೆ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆಗೆ) ನಮ್ಮಲ್ಲಿ ಕೋಡ್ ಬೇಡ. ಪರದೆ ಮೇಲಿನ ಒಂದು ಕಾಗುಣಿತ ತಿದ್ದಿ ಕಳಿಸಿದರೆ ಸಾಕು. ಹಾಗೆ ಬಂದ ಒಬ್ಬ ಡಿಗ್ರಿ ಹುಡುಗಿ ಇವತ್ತು ಗ್ರಾಫ್ ಪೂರ್ತಿ ನೋಡಿಕೊಳ್ಳುತ್ತಾಳೆ.

ಜಾಸ್ತಿ ಕಾಡಿದ್ದು ತಾರೀಖು. ಬೆಳಿಗ್ಗೆ 5ಕ್ಕೇ ಮಳೆ ಅಳೆದು ಹಾಕುವ ಹಿರಿಯರೊಬ್ಬರು ಫೋನ್ ಮಾಡಿದರು: "ಏನಪ್ಪಾ, ನನ್ನ ಮಳೆ ನಿನ್ನೆ ತಾರೀಖಿಗೆ ಹೋಗಿ ಕೂತಿದೆ." ಆ್ಯಪ್ ತಾರೀಖು ತೆಗೆಯುತ್ತಿದ್ದದ್ದು ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ. ಅದಕ್ಕಿಂತ ನಾವು ಐದೂವರೆ ಗಂಟೆ ಮುಂದೆ, 5.30ರ ಒಳಗೆ ಹಾಕಿದ್ದೆಲ್ಲ ಹಿಂದಿನ ದಿನಕ್ಕೆ. ಸೆಟ್ಟಿಂಗ್ಸ್‌ನಲ್ಲಿ 'ಏಷ್ಯಾ/ಕೋಲ್ಕತಾ' ಹಾಕಿದರೂ ಹೋಗಲಿಲ್ಲ. ಕೋಡಿನಲ್ಲಿ ಅಲ್ಲಲ್ಲಿ 'ಟೈಮ್‌ಜೋನ್ ನೌ' ಇಂದ ನೇರ ಡೇಟ್ ತೆಗೆದಿತ್ತು, ಅದು ಕೊಡೋದು ಯುಟಿಸಿ ಸಮಯ. ಅದನ್ನೆಲ್ಲ ನಮ್ಮ ಕಡೆಯ ತಾರೀಖು ಕೊಡುವ 'ಲೋಕಲ್‌ಡೇಟ್' ಮಾಡಿದ ಮೇಲೇ ಸರಿಹೋಯಿತು.

ಇನ್ನೊಂದು, ಇಂಚು-ಸೆಂಟ್. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಒಂದು ಇಂಚು ಐದು ಸೆಂಟ್ ಅನ್ನು ಜನ 1.5 ಅಂತ ಹಾಕುತ್ತಾರೆ. ಕಂಪ್ಯೂಟರಿಗೆ ಅದು ಒಂದೂವರೆ ಇಂಚು. ಕಾಫಿ ಹೂ ಅರಳಿಸುವ ಹೂ ಮಳೆ ಹೊತ್ತಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಇಂಚಿಗೊಂದು, ಸೆಂಟಿಗೊಂದು ಬಾಕ್ಸ್ ಮಾಡಿ, ಒಳಗೆ ಬರೀ ಸೆಂಟ್ ಲೆಕ್ಕದಲ್ಲಿ ಇಟ್ಟೆವು. ಹಾಗೇ ಕನ್ನಡ ಅಂಕಿಯನ್ನೂ ಪರೀಕ್ಷಿಸಿದೆ. ೧೨ ಅಂತ ಹಾಕಿದರೆ ಪೈಥಾನ್ ಸಲೀಸಾಗಿ ಓದುತ್ತದೆ, ಬ್ರೌಸರ್ ಕಡೆಯ ಜಾವಾಸ್ಕ್ರಿಪ್ಟ್ ಓದಲ್ಲ.

ಇಬ್ಬರು ಒಟ್ಟೊಟ್ಟಿಗೆ ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸುವ, ಸರಣಿ ಸಂಖ್ಯೆಯ ಫೈಲು) ಮಾಡಿ ಎರಡೆರಡು 0007 ಬಂದು ಜಗಳವೇ ಆಗಿತ್ತು. ಈಗ ಅದಕ್ಕೆ ಸರತಿ ಇದೆ. ಸರತಿ ಹೇಗೆ ಅನ್ನೋದು ಸದ್ಯ ನಮ್ಮಲ್ಲೇ ಇರಲಿ.

ದುಡ್ಡಿನ ಮಾತು. ಇದೇ ಕೆಲಸಕ್ಕೆ ಹೊರಗಿನವರೊಬ್ಬರು ಎರಡು ಲಕ್ಷ ಕೇಳಿದ್ದರು. ನಮಗೆ ಸರ್ವರ್‌ಗೆ ತಿಂಗಳಿಗೆ ಐನೂರರ ಆಸುಪಾಸು, ಡೊಮೇನ್‌ಗೆ ವರ್ಷಕ್ಕೆ ಎಂಟೊಂಬತ್ತು ನೂರು. ನಡುವೆ ಸರ್ವರ್ ಬದಲು ಮನೆಯಲ್ಲೇ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು ನೋಡಿದೆ. ಕರೆಂಟ್ ಹೋಗಿ ಬಂದು ಮೆಮೊರಿ ಕಾರ್ಡ್ ಕೆಟ್ಟಿತು. ಐದಾರು ಸಾವಿರ ಸುಮ್ನೆ ಹೋಯ್ತು ಅನ್ನೋ ಹಾಗಿಲ್ಲ, ಅದೀಗ ರಾತ್ರಿ ಬ್ಯಾಕಪ್ ತಗೊಳ್ಳುತ್ತದೆ.

ಸಕಲೇಶಪುರದ ಕಡೆಯವರೂ ಸೇರುತ್ತೇವೆ ಅಂತಿದ್ದಾರೆ. ಈ ಹೂ ಮಳೆಗೆ ಮುಂಚೆ ಅವರ ತೋಟಗಳನ್ನು ಸೇರಿಸುವ ಬ್ರಾಂಚ್ (ಬೇರೆಯಾಗಿ ಬರೆದಿಟ್ಟ ಕೋಡ್) ಮುಖ್ಯ ಕೋಡಿಗೆ ಮರ್ಜ್ ಆಗಬೇಕು.